ಕಂಪ್ಯೂಟರಿಗೆ ಹೊಸ ಮುಖ

ಊಟದ ತಟ್ಟೆಯ ಮುಂದೆ ಕೂತಾಗ ಬಾಯಿ ತಿನ್ನುವುದಕ್ಕಷ್ಟೇ ತೆರೆಯಬೇಕು. ಈ ಒಂದು ನಿಯಮ ಪಾಲಿಸಿದ್ದರೆ ಸಾಬೂನು ಕಾರ್ಖಾನೆಯ ಮೆಕ್ಯಾನಿಕ್ ಆಯ್ತುಬಿಡಿಗೆ ಇಷ್ಟೆಲ್ಲ ಪಾಡು ಬರುತ್ತಿರಲಿಲ್ಲ.

ಆಯ್ತುಬಿಡಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರು ಏನು ಕೆಲಸ ಹೇಳಿದರೂ, ಅದು ತನಗೆ ಬರುತ್ತದೋ ಇಲ್ಲವೋ ಎಂದು ಯೋಚಿಸುವ ಮೊದಲೇ ಅವನ ಬಾಯಿಂದ "ಆಯ್ತು ಬಿಡಿ" ಬಂದುಬಿಡುತ್ತಿತ್ತು. ಹೀಗೆ ಒಪ್ಪಿಕೊಂಡೇ ಒಮ್ಮೆ ಎದುರುಮನೆಯವರ ಗೋಡೆ ಗಡಿಯಾರ ಬಿಚ್ಚಿದ್ದ. ಅದು ಈಗಲೂ ಓಡುತ್ತದೆ. ಆದರೆ ಆ ಮನೆಯವರು ಸಮಯ ಬೇಕಾದಾಗ ಪಕ್ಕದ ಮನೆಗೆ ಹೋಗಿ ಕೇಳುತ್ತಾರೆ.

ಆ ದಿನ ಊಟಕ್ಕೆ ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಬಂದಿದ್ದ. ಷಡ್ಡಕನಿಗೆ ಮುಖ್ಯರಸ್ತೆಯಲ್ಲಿ ಮೊಬೈಲ್ ಅಂಗಡಿ. ಅಂಗಡಿಗಿಂತ ಬಾಯಿ ಒಂದು ಕೈ ದೊಡ್ಡದು.

"ಭಾವ, ಇನ್ನೂ ಎಷ್ಟು ದಿನ ಅಂತ ನಟ್ಟು ಬೋಲ್ಟು ತಿರುಗಿಸ್ಕೊಂಡು ಇರ್ತೀರಾ? ಈಗೆಲ್ಲ ಕಂಪ್ಯೂಟರ್ ಕಾಲ. ಎಣ್ಣೆ ಕೈಯವರನ್ನ ಯಾರು ಕೇಳ್ತಾರೆ?" ಎಂದ ಷಡ್ಡಕ.

ಬಡಿಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ಗಂಡನ ಮುಖ ನೋಡಿದಳು. ಆ ನೋಟವೇ ಸಾಕಾಯಿತು.

"ಕಂಪ್ಯೂಟರಾ?" ಎಂದ ಆಯ್ತುಬಿಡಿ, ತುತ್ತು ನುಂಗದೆಯೇ. "ನಮ್ಮ ಕಾರ್ಖಾನೆ ಕಂಪ್ಯೂಟರ್ ಯಾರ ಕೈಯಲ್ಲಿದೆ ಅಂದ್ಕೊಂಡಿದ್ದೀಯಾ? ಈ ಕೈಯಲ್ಲಿ. ನಾನು ಇಲ್ಲ ಅಂದ್ರೆ ಅದು ಉಸಿರಾಡಲ್ಲ."

ನಿಜ ಹೇಳಬೇಕೆಂದರೆ ಆ ಕಂಪ್ಯೂಟರಿಗೂ ಅವನಿಗೂ ಇದ್ದ ಸಂಬಂಧ ಇಷ್ಟೇ: ಅದು ಕೂತಿದ್ದ ಕಬ್ಬಿಣದ ತೋಳು ಕಿರುಗುಟ್ಟಿದಾಗ ಇವನು ಎಣ್ಣೆ ಬಿಟ್ಟಿದ್ದ.

ಆ ಕಂಪ್ಯೂಟರನ್ನು ಇಲ್ಲಿ ಸ್ವಲ್ಪ ಪರಿಚಯ ಮಾಡಿಕೊಡಬೇಕು. ಅದು ಆಫೀಸಿನ ಮೇಜಿನ ಮೇಲಿಡುವ ನಾಜೂಕಿನ ಪದಾರ್ಥವಲ್ಲ. ಸಾಬೂನಿಗೆ ಕಾಗದ ಸುತ್ತುವ ಮಿಷನ್ನಿನ ಪಕ್ಕದಲ್ಲಿ ಆ ಕಬ್ಬಿಣದ ತೋಳಿನ ಮೇಲೆ ಕೂತ ಗಟ್ಟಿ ಪೆಟ್ಟಿಗೆ. ಪರದೆಯ ಮೇಲೆ ಒಂದು ಕಡೆ ಮುಟ್ಟಿದರೆ ಮಿಷನ್ನು ಓಡುತ್ತದೆ, ಇನ್ನೊಂದು ಕಡೆ ಮುಟ್ಟಿದರೆ ನಿಲ್ಲುತ್ತದೆ. ನೀರು, ಧೂಳು, ಪೆಟ್ಟು ತಾಗದಿರಲಿ ಎಂದು ಅದರ ಮುಖಕ್ಕೆ ಒಂದು ಕವರು. ಕವರಿನ ಸುತ್ತ ಚೌಕಟ್ಟು, ಚೌಕಟ್ಟಿನ ಒಳಗೆ ರಬ್ಬರಿನ ಪಟ್ಟಿ. ಈ ಕವರು ಬಂದ ಹೊಸದರಲ್ಲಿ ಗಾಜಿನಂತೆ ತಿಳಿಯಾಗಿತ್ತಂತೆ. ಈಗ ಒದ್ದೆ ಕೈ, ಸಾಬೂನು ಕೈ, ಬೆರಳಿಗೆ ಬಗ್ಗದಿದ್ದಾಗ ಚಮಚದ ಹಿಡಿ ಎಲ್ಲವನ್ನೂ ತಿಂದು ತಿಂದು ಮಬ್ಬುಗಟ್ಟಿ, ಹಿಂದಿರುವ ಅಕ್ಷರ ಒಂದೂ ಕಾಣುತ್ತಿರಲಿಲ್ಲ. ಜೊತೆಗೆ ಕೆಳಗಿನ ಮೂಲೆಯಲ್ಲಿ "ಮುಟ್ಟಬೇಡಿ" ಎಂಬ ದಪ್ಪ ಕೆಂಪು ಚೀಟಿ. ಅದನ್ನು ಮಿಷನ್ನು ಬಂದ ಮಾರನೇ ದಿನವೇ ಮ್ಯಾನೇಜರು ಸ್ವಹಸ್ತದಿಂದ ಅಂಟಿಸಿದ್ದರು. ಮುಟ್ಟದಿರುವುದಕ್ಕೆ ಎಲ್ಲಾದರೂ ಒಂದು ಜಾಗ ಇರಲಿ ಎಂಬುದು ಅವರ ಆಡಳಿತದ ತತ್ವ.

ಅಕ್ಷರ ಕಾಣದಿದ್ದರೆ ಮಿಷನ್ನು ಓಡುವುದು ಹೇಗೆ? ದೊಡ್ಡಕ್ಕನ ದಯೆಯಿಂದ. ದೊಡ್ಡಕ್ಕ ಆಯ್ತುಬಿಡಿಯ ಸ್ವಂತ ಅಕ್ಕ. ಮಿಷನ್ನು ಬಂದ ದಿನದಿಂದ ಅದರ ಮುಂದಿನ ಸ್ಟೂಲು ಅವಳದು. ಪರದೆಯ ಮೇಲಿನ ಗೀರುಗಳೇ ಅವಳಿಗೆ ಅಕ್ಷರ. ಬಾಲದಂಥ ಗೀರಿನ ತುದಿ ಒತ್ತಿದರೆ ಶುರು, ಕಂದು ಮಚ್ಚೆಯ ನಡುವೆ ಒತ್ತಿದರೆ ನಿಲುಗಡೆ. ಬೆಳಿಗ್ಗೆ ಬಂದ ಕೂಡಲೇ ಮೇಲಿನ ಮೂಲೆಯ ಸಣ್ಣ ತೂತನ್ನು ಒಂದು ಸಲ ಒತ್ತುತ್ತಿದ್ದಳು. ಅದರಿಂದ ಏನಾಗುತ್ತದೆ ಎಂದು ಕೇಳಿದರೆ, "ಒತ್ತಿದ ದಿನ ಏನೂ ಕೆಟ್ಟಿಲ್ಲ, ಅಷ್ಟು ಸಾಕು" ಎನ್ನುತ್ತಿದ್ದಳು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಮ್ಯಾನೇಜರ ಕಣ್ಣು ಬಿತ್ತು. ಎಲ್ಲದಕ್ಕೂ "ಅರ್ಜೆಂಟು, ಅರ್ಜೆಂಟು" ಎನ್ನುವ ಇವರನ್ನು ಕಾರ್ಖಾನೆಯವರು ಅರ್ಜೆಂಟ್ ಸಾಹೇಬರು ಎಂದೇ ಕರೆಯುತ್ತಿದ್ದರು. ಯಜಮಾನರು ದೊಡ್ಡ ಗಿರಾಕಿಯೊಬ್ಬರನ್ನು ಕಾರ್ಖಾನೆ ತೋರಿಸಲು ಕರೆತರುವವರಿದ್ದರು. ಸಾಹೇಬರು ಒಂದು ಸುತ್ತು ಹೊಡೆದು ಕಂಪ್ಯೂಟರಿನ ಮುಂದೆ ನಿಂತರು.

"ಏನ್ರೀ ಇದು, ಸೀದುಹೋದ ಬಾಣಲೆ ಥರ ಇದೆ! ಇದಕ್ಕೆ ಹೊಸ ಕವರು ತರಿಸ್ತೀನಿ. ಯಾರ್ರೀ ಹಾಕ್ತೀರಾ? ಕಂಪೆನಿಯವರು ಬರೋದು ಮುಂದಿನ ತಿಂಗಳಂತೆ. ನನಗೆ ಅರ್ಜೆಂಟು!"

"ಆಯ್ತು ಬಿಡಿ ಸಾರ್," ಎಂಬ ಧ್ವನಿ ಕೇಳಿತು. ಯಾರ ಧ್ವನಿ ಎಂದು ನೋಡಲು ತಿರುಗಿದವರಲ್ಲಿ ಆಯ್ತುಬಿಡಿಯೂ ಒಬ್ಬ.

ಅಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಸಾಹೇಬರು ಅದೇ ಉತ್ಸಾಹದಲ್ಲಿ ಯಜಮಾನರಿಗೆ ಫೋನು ಮಾಡಿ, "ಕಂಪ್ಯೂಟರನ್ನೂ ಹೊಸದು ಮಾಡಿಸ್ತಾ ಇದ್ದೀನಿ" ಎಂದುಬಿಟ್ಟರು. "ಕವರು" ಎಂಬ ಮಾತು ಅವರ ಗಂಟಲಲ್ಲೇ ಉಳಿಯಿತು. ಯಜಮಾನರು ಖುಷಿಯಾಗಿ, "ಭೇಷ್! ಹೊಸ ಕಂಪ್ಯೂಟರಿಗೆ ಓದಿದವನೊಬ್ಬನನ್ನ ಹಾಕು. ಆ ಹಳೇ ಹೆಂಗಸನ್ನ ಮನೆಗೆ ಕಳಿಸು" ಎಂದರು. ಸಾಹೇಬರಿಗೆ ಈಗ ನಿಜ ಹೇಳಲು ಧೈರ್ಯವಿಲ್ಲ, ಸುಳ್ಳು ನುಂಗಲು ಹೊಟ್ಟೆಯಿಲ್ಲ. ಬಾಯಲ್ಲಿ ಬಿಸಿತುಪ್ಪ.

ಕವರು ಬಂತು. ಕಾಗದದಷ್ಟು ತೆಳ್ಳಗಿನ ಹಾಳೆ, ಒಂದು ಚೌಕಟ್ಟು, ಒಂದು ರಬ್ಬರ್ ಪಟ್ಟಿ. ಆದರೆ ಕಳಿಸಿದವರು ಬಗ್ಗಬಾರದೆಂದು ಅದನ್ನು ಒಂದು ಕುರಿ ಮಲಗುವಷ್ಟು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದರು. ಗೇಟಿನಲ್ಲಿ ಪೆಟ್ಟಿಗೆ ಇಳಿಸಿಕೊಂಡವನು ಕಾವಲುಗಾರ. ಅವನ ಅಡ್ಡಹೆಸರು ಡಂಗುರ.

"ಹೊಸಾ ಕಂಪ್ಯೂಟರ್ ಬಂತೂ!" ಎಂದು ಡಂಗುರ ಗೇಟಿನಿಂದಲೇ ಕೂಗಿದ. "ನಮ್ಮ ಆಯ್ತುಬಿಡಿನೇ ಕೂರಿಸೋದಂತೆ!"

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಆಯ್ತುಬಿಡಿಯ ಬೀದಿ ಮುಟ್ಟಿತ್ತು. ಸಂಜೆ ಅವನು ಮನೆಗೆ ಬರುವಾಗ ಮೂಲೆಯ ದರ್ಜಿ ಎದ್ದು ನಿಂತು ಕೈಮುಗಿದ. ಎದುರುಮನೆಯ ಯಜಮಾನಿ, "ನಮ್ಮ ಗಡಿಯಾರದ ವಿಷಯ ಮನಸ್ಸಲ್ಲಿ ಇಟ್ಕೋಬೇಡಿ" ಎಂದು ತಾವೇ ಕ್ಷಮೆ ಕೇಳಿದರು. ಹೆಂಡತಿ ಬಾಗಿಲಲ್ಲೇ ನಿಂತು, ಬಂದವರಿಗೆಲ್ಲ, "ಅವರು ಹೇಳ್ಕೊಳ್ಳಲ್ಲ, ಮೊದಲಿಂದ್ಲೂ ಹಾಗೇನೇ" ಎನ್ನುತ್ತಿದ್ದಳು. ಷಡ್ಡಕ ಕುರ್ಚಿ ಎಳೆದುಕೊಂಡು ಆಗಲೇ ಒಳಗೆ ಕೂತಿದ್ದ.

"ಭಾವ, ನಿಜವಾಗ್ಲೂ ಹೊಸ ಕಂಪ್ಯೂಟರಾ? ನೀವೇನಾ ಹಾಕೋದು?"

ಬರೀ ಕವರು ಕಣೋ ಎಂದು ಹೇಳಬೇಕಿತ್ತು. ಮೂರೇ ಪದ. ಆದರೆ ಹೆಂಡತಿಯ ಮುಖದಲ್ಲಿ ಅಂಥ ಬೆಳಕನ್ನು ಅವನು ಮದುವೆಯಾದಂದಿನಿಂದ ನೋಡಿರಲಿಲ್ಲ. ಅದನ್ನು ಆರಿಸುವುದಕ್ಕೆ ಮನಸ್ಸು ಬರಲಿಲ್ಲ.

"ಹೂಂ, ನೋಡೋಣ," ಎಂದ.

ಅದೇ ಹೊತ್ತಿಗೆ ಬಾಗಿಲಲ್ಲಿ ದೊಡ್ಡಕ್ಕ ಬಂದು ನಿಂತಳು. ಒಳಗೆ ಬರಲಿಲ್ಲ. ಯಾವತ್ತೂ ಕೂಗಾಡುತ್ತಲೇ ಬರುವವಳು ಇವತ್ತು ಮೆತ್ತಗೆ ಮಾತಾಡಿದಳು. ಅದೇ ಭಯವಾಗುವಂತಿತ್ತು.

"ಸಾಹೇಬ್ರು ಕರೆದು ಹೇಳಿದ್ರು. ಹೊಸ ಕಂಪ್ಯೂಟರಿಗೆ ಓದಿದವನು ಬರ್ತಾನಂತೆ. ನನಗೆ ನಾಳೆನೇ ಕೊನೇ ದಿನವಂತೆ. ಹೌದೇನೋ?"

"ಅಕ್ಕಾ, ಅದು..."

"ಅಮ್ಮ ಹೋದಾಗ ನೀನು ನನ್ನ ಸೊಂಟದ ಮೇಲಿದ್ದೆ. ಆ ಮಿಷನ್ ಮುಂದೆ ಕೂತು ದುಡಿದೇ ನಿನ್ನ ಮದುವೆ ಮಾಡ್ದೆ. ನನ್ನ ಜಾಗ ತೆಗೆಯೋಕೆ ಊರಲ್ಲಿ ಇನ್ಯಾರೂ ಸಿಗಲಿಲ್ವಾ, ನೀನೇ ಬೇಕಾಗಿತ್ತಾ?"

ಬೀದಿಯೆಲ್ಲ ಕೇಳುತ್ತಿತ್ತು. ಷಡ್ಡಕನ ಕಿವಿ ನಿಮಿರಿತ್ತು. ಆಯ್ತುಬಿಡಿ ಬಾಗಿಲಿಗೆ ಓಡಿದ. ಮಾತು ಹೊರಡುವುದರೊಳಗೆ ದೊಡ್ಡಕ್ಕ ಸೆರಗು ಬಿಗಿದುಕೊಂಡು ಹೊರಟೇಹೋಗಿದ್ದಳು. ಅವನಿಗೆ ತಟ್ಟೆಯ ಮುಂದೆ ಆಡಿದ ಒಂದು ಮಾತಿನ ಮೇಲೆ ಅಸಹ್ಯವಾಯಿತು. ಹೊಗಳಿಕೆಗೆ ಬಾಯಿ ಬಿಟ್ಟು ಅಕ್ಕನ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ಈಗ ಉಳಿದಿದ್ದು ಒಂದೇ ದಾರಿ. ಆ ಕವರನ್ನು ಸರಿಯಾಗಿ ಹಾಕಿ, ಹಳೇ ಕಂಪ್ಯೂಟರೇ ಇದು, ಅಕ್ಕನೇ ಇದನ್ನು ನಡೆಸಬಲ್ಲಳು ಎಂದು ಯಜಮಾನರ ಕಣ್ಣೆದುರೇ ತೋರಿಸಬೇಕು. ತೊಂದರೆ ಏನೆಂದರೆ ಕವರು ಅಂಟಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು, ದಿನಾ ಫೋನುಗಳ ಗಾಜಿಗೆ ಅಂಥದೇ ಹಾಳೆ ಅಂಟಿಸುವ ಷಡ್ಡಕ ಒಬ್ಬನೇ. ಅವನನ್ನು ಕೇಳುವುದಕ್ಕಿಂತ ಸಾಬೂನು ತಿನ್ನುವುದು ಮೇಲು.

ಆದರೂ ಮಾರನೆ ದಿನ ಷಡ್ಡಕ ಅಂಗಡಿಯ ಬಾಗಿಲು ತೆಗೆಯುವಾಗ ಆಯ್ತುಬಿಡಿ ಕಟ್ಟೆಯ ಮೇಲೆ ಕೂತಿದ್ದ.

"ನನ್ನ ಫೋನಿಗೊಂದು ಸ್ಕ್ರೀನ್ ಗಾರ್ಡ್ ಹಾಕು. ಹಾಗೇ... ಒಂದೊಂದೇ ಹೇಳ್ತಾ ಹಾಕು."

"ಯಾಕೆ ಭಾವ?"

"ನೀನು ಕೆಲಸ ಸರಿಯಾಗಿ ಕಲ್ತಿದ್ದೀಯಾ ಅಂತ ನೋಡ್ಬೇಕು. ಕಂಪ್ಯೂಟರಿನವರ ಕಣ್ಣಿಗೆ ತಪ್ಪು ಬೇಗ ಕಾಣುತ್ತೆ."

ಷಡ್ಡಕ ಪರೀಕ್ಷೆಗೆ ಕೂತವನಂತೆ ಬೆವರಿದ. "ಮೊದಲು ಗಾಜು ಒರೆಸ್ಬೇಕು ಭಾವ. ಆಮೇಲೆ ಹಾಳೆ ಅಡಿಯ ಪೊರೆ ಸುಲಿಬೇಕು. ಒಂದು ಅಂಚು ಕೂರಿಸಿ, ಒಂದೇ ಸಮ ಒತ್ಕೊಂಡು ಬರ್ಬೇಕು. ಗುಳ್ಳೆ ಬಂದ್ರೆ ಬಟ್ಟೆಯಲ್ಲಿ ಒತ್ತಿ ಒತ್ತಿ ಮೂಲೆಗೆ ತಳ್ಳಿ ಹೊರಗೆ ಹಾಕ್ಬೇಕು."

"ಪರವಾಗಿಲ್ಲ. ಕಲ್ತಿದ್ದೀಯಾ," ಎಂದು ಅವನ ಬೆನ್ನು ತಟ್ಟಿ ಆಯ್ತುಬಿಡಿ ಕಾರ್ಖಾನೆಗೆ ಓಡಿದ.

ಕಾರ್ಖಾನೆಯಲ್ಲಿ ಹೆಂಗಸರೆಲ್ಲ ಮಿಷನ್ನಿನ ಸುತ್ತ ಗುಂಪುಕಟ್ಟಿದ್ದರು. ದೊಡ್ಡಕ್ಕ ಕೈಚೀಲ ಹಿಡಿದು ಗೋಡೆಯ ಬಳಿ ನಿಂತಿದ್ದಳು. ಮನೆಗೆ ಹೋಗಲು ತಯಾರಾಗಿಯೇ ಬಂದಿದ್ದಳು. ತಮ್ಮನ ಕಡೆ ನೋಡಲಿಲ್ಲ. ಪೆಟ್ಟಿಗೆಯಿಂದ ಹೊರಬಂದ ತೆಳ್ಳನೆ ಹಾಳೆಯನ್ನು ನೋಡಿ ಹೆಂಗಸೊಬ್ಬಳು, "ಕಂಪ್ಯೂಟರ್ ಎಲ್ಲಿ?" ಎಂದಳು. "ಈಗಿನದೆಲ್ಲ ತೆಳ್ಳಗೇ ಇರುತ್ತೆ," ಎಂದು ಡಂಗುರ ವಿವರಿಸಿದ.

ಕವರಿನ ಜೊತೆ ಬಂದ ಕಾಗದದ ಮೊದಲ ಸಾಲಿನಲ್ಲೇ ಕರೆಂಟು ತೆಗೆಯಿರಿ ಎಂದು ದಪ್ಪಕ್ಷರದಲ್ಲಿತ್ತು. ಆಯ್ತುಬಿಡಿ ಸ್ವಿಚ್ಚಿಗೆ ಕೈಹಾಕಿದ್ದೇ ಸಾಹೇಬರು ಚೀರಿದರು.

"ಮುಟ್ಟಬೇಡ! ಬಂದ ದಿನದಿಂದ ಇದನ್ನ ಯಾರೂ ಆರಿಸಿಲ್ಲ. ಆರಿಸಿದ್ರೆ ಮತ್ತೆ ಹತ್ತುತ್ತೆ ಅಂತ ಯಾರು ಗ್ಯಾರಂಟಿ?"

ಆಯ್ತುಬಿಡಿ ಕೈ ಹಿಂದಕ್ಕೆಳೆದುಕೊಂಡ. ಹೀಗಾಗಿ ಜೀವಂತ ಕಂಪ್ಯೂಟರಿನ ಮುಖ ಸುಲಿಯುವ ಕೆಲಸ ಶುರುವಾಯಿತು. ಆಯ್ತುಬಿಡಿ ತಿರುಪು ಬಿಚ್ಚಿದ. ಚೌಕಟ್ಟು ತೆಗೆದ. ಕೊಳೆತ ರಬ್ಬರ್ ಪಟ್ಟಿಯನ್ನು ಕೆರೆದು, ಹಳೆಯ ಕವರನ್ನು ಮೂಲೆಯಿಂದ ಹಿಡಿದು ಎಳೆದ. ಗೀರು, ಮಚ್ಚೆ, ತೂತು, ಸಾಹೇಬರ ಕೆಂಪು ಚೀಟಿ ಎಲ್ಲ ಸಮೇತ ಅದು ಕಿತ್ತುಬಂತು. ಗಾಜನ್ನು ಹಗುರವಾಗಿ ಒರೆಸಿದ. ಮಂದ ಬೆಳಕಿನಲ್ಲಿ ಅಕ್ಷರಗಳು ಕಂಡವು! ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ಕೆಂಪು ಚೀಟಿ ಇದ್ದ ಜಾಗದಲ್ಲಿ ಏನೋ ಒಂದು ಸಣ್ಣದಾಗಿ ಮಿಣುಕುತ್ತಿತ್ತು. ಅದನ್ನು ಓದಲು ಯಾರಿಗೂ ಪುರುಸೊತ್ತಿರಲಿಲ್ಲ. ಗೇಟಿನಲ್ಲಿ ಆಗಲೇ ಯಜಮಾನರ ಕಾರಿನ ಹಾರನ್ನು ಕೇಳಿತ್ತು.

"ಬಂದೇಬಿಟ್ರು! ಅರ್ಜೆಂಟು!" ಎಂದು ಸಾಹೇಬರು ಎರಡು ದಿಕ್ಕಿಗೆ ಒಟ್ಟಿಗೆ ಓಡಲು ನೋಡಿದರು.

ಆಯ್ತುಬಿಡಿ ಪೊರೆ ಸುಲಿದ. ಅಂಚು ಕೂರಿಸಿದ. ಷಡ್ಡಕ ಹೇಳಿದಂತೆ ಒಂದೇ ಸಮ ಒತ್ತಿಕೊಂಡು ಬಂದ. ಹಾಳೆ ಗಾಜಿಗೆ ಮುತ್ತಿಟ್ಟ ಹಾಗೆ ಕೂತಿತು. ನಡುವೆ ಒಂದೇ ಒಂದು ಗುಳ್ಳೆ. ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಅದನ್ನು ಒತ್ತಿದ. ಗುಳ್ಳೆಯ ಅಡಿಯಲ್ಲಿ "ಶುರು" ಎಂದು ಬರೆದಿತ್ತು. ಮಿಷನ್ನು ಗುರ್ರೆಂದು ಹೊರಟಿತು. ಅದು ದಿನವೂ ಕೇಳುವ ಸದ್ದಾದ್ದರಿಂದ ಆಯ್ತುಬಿಡಿ ಗಮನಿಸಲಿಲ್ಲ. ಅವನ ಜೀವವೆಲ್ಲ ಗುಳ್ಳೆಯಲ್ಲಿತ್ತು. ತಳ್ಳುತ್ತ ತಳ್ಳುತ್ತ ಅದನ್ನು ಕೆಳಗಿನ ಮೂಲೆಗೆ ತಂದು, ಹಲ್ಲು ಕಚ್ಚಿ, ಮೈಭಾರವೆಲ್ಲ ಹಾಕಿ ಒತ್ತಿದ.

ಆ ಮೂಲೆಯಲ್ಲಿ, ಸಾಹೇಬರ ಚೀಟಿಯ ಅಡಿಯಲ್ಲಿ, ಮಿಷನ್ನು ಬಂದ ದಿನದಿಂದ ಕಂಪ್ಯೂಟರು ಒಂದೇ ಪ್ರಶ್ನೆ ಕೇಳುತ್ತ ಕೂತಿತ್ತು: "ಪರೀಕ್ಷೆಯ ವೇಗ ಮುಗಿಯಿತು. ಪೂರ್ಣ ವೇಗಕ್ಕೆ ಹೋಗಲೇ?" ಪಾಪ, ಉತ್ತರ ಕೊಟ್ಟವರೇ ಇರಲಿಲ್ಲ. ಇವತ್ತು ಆಯ್ತುಬಿಡಿಯ ಹೆಬ್ಬೆರಳು "ಹೌದು" ಎಂದಿತು.

ಮಿಷನ್ನು ಒಮ್ಮೆ ಕೆಮ್ಮಿ, ಮೈಕೊಡವಿ, ಹುಚ್ಚು ಕುದುರೆಯಂತೆ ಹೊರಟಿತು. ಇಷ್ಟು ದಿನ ಮೆಲ್ಲಗೆ ನಡೆದುಬರುತ್ತಿದ್ದ ಸಾಬೂನು ಈಗ ಹಾರಿ ಬಂತು. ಬುಟ್ಟಿ ತುಂಬಿತು, ಮೇಜು ತುಂಬಿತು, ನೆಲ ತುಂಬಿತು. ಹೆಂಗಸರು ಮಡಿಲು ಹಿಡಿದರು, ಮಡಿಲೂ ತುಂಬಿತು. ಗೋಡೆಯಲ್ಲಿದ್ದ ನಿಲ್ಲಿಸುವ ಕೆಂಪು ಗುಂಡಿ ಸಾಬೂನಿನ ರಾಶಿಯ ಆಚೆಗಿತ್ತು. ಡಂಗುರ ವೀರಾವೇಶದಿಂದ ಅದರ ಕಡೆ ನುಗ್ಗಿದ. ಎರಡನೇ ಹೆಜ್ಜೆಗೆ ಜಾರಿ, ಕೂತ ಭಂಗಿಯಲ್ಲೇ ಗುಂಡಿಯನ್ನು ದಾಟಿ, ಸ್ಟೋರ್ ರೂಮಿನೊಳಗೆ ಹೋಗಿ ಮರೆಯಾದ.

ಅದೇ ಕ್ಷಣಕ್ಕೆ ಯಜಮಾನರು ಗಿರಾಕಿಯ ಜೊತೆ ಒಳಗೆ ಬಂದರು. ಹಾರಿ ಬಂದ ಒಂದು ಸಾಬೂನನ್ನು ಗಿರಾಕಿ ಕ್ಯಾಚು ಹಿಡಿದ ಹಾಗೆ ಹಿಡಿದುಕೊಂಡರು.

"ನಿಲ್ಲಿಸ್ರೀ!" ಎಂದು ಕೂಗಿದರು ಸಾಹೇಬರು. ಕನ್ನಡಕ ಹಾಕಿಕೊಂಡು, ಪರದೆಯ ಮೇಲಿನ ಬರಹವನ್ನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದರು. "ಸ್ವಾಗತ... ದಿನಾಂಕ ಹೊಂದಿಸಿ... ಭಾಷೆ ಆರಿಸಿ..."

"ಅಕ್ಕಾ!" ಎಂದು ಆಯ್ತುಬಿಡಿ ಕೂಗಿದ. ಸಣ್ಣವನಿದ್ದಾಗ ನೀರಿನ ತೊಟ್ಟಿಗೆ ಬಿದ್ದು ಹಾಗೇ ಕೂಗಿದ್ದ.

ದೊಡ್ಡಕ್ಕ ಕೈಚೀಲ ಬಿಸಾಕಿ ಬಂದಳು. ಸಾಹೇಬರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. ಪರದೆ ನೋಡಿದಳು. ಫಳಫಳ ಹೊಳೆಯುವ ಮುಖ, ಒಂದು ಗೀರಿಲ್ಲ, ಒಂದು ಮಚ್ಚೆಯಿಲ್ಲ. ಪರಿಚಯವೇ ಇಲ್ಲದ ಮುಖ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಕೈ ತಾನಾಗಿಯೇ ಹೋಗಿ, ಕಂದು ಮಚ್ಚೆ ಇದ್ದ ಜಾಗಕ್ಕೆ ಬೆರಳು ಒತ್ತಿತು.

ಮಿಷನ್ನು ನಿಂತಿತು. ಕೊನೆಯ ಒಂದು ಸಾಬೂನು ಉರುಳಿಕೊಂಡು ಬಂದು ಯಜಮಾನರ ಬೂಟಿಗೆ ತಗುಲಿತು.

"ಇಷ್ಟು ವೇಗ!" ಎಂದರು ಗಿರಾಕಿ, ಸಾಬೂನನ್ನು ತಿರುಗಿಸಿ ನೋಡುತ್ತ. "ಒಂದು ಕಾಗದವೂ ಹರಿದಿಲ್ಲ. ನಾನು ಕೇಳೋಷ್ಟು ಮಾಲು ನೀವು ಕೊಡೋಕಾಗಲ್ಲ ಅಂದ್ಕೊಂಡು ಬಂದಿದ್ದೆ. ಇನ್ನೊಂದು ಸಲ ಓಡಿಸಿ ನೋಡೋಣ."

ಯಜಮಾನರ ಎದೆ ಉಬ್ಬಿತು. "ಎಲ್ಲ ಹೊಸ ಕಂಪ್ಯೂಟರ್ ಮಹಿಮೆ!" ಎಂದರು. "ಯಾರಪ್ಪಾ ಇದನ್ನ ಕೂರಿಸಿದ್ದು?"

ಎಲ್ಲರ ಕೈಯೂ ಆಯ್ತುಬಿಡಿಯ ಕಡೆ ತೋರಿತು. ಸಾಹೇಬರು ಯಜಮಾನರ ಬೆನ್ನ ಹಿಂದೆ ನಿಂತು, ಬಾಯಿ ಬಿಡಬೇಡ ಎಂದು ಕಣ್ಣು, ಹುಬ್ಬು, ಕಿವಿ ಎಲ್ಲದರಿಂದಲೂ ಸನ್ನೆ ಮಾಡಿದರು. ಹೂಂ ಎಂದರೆ ಸಾಕಿತ್ತು. ಬೀದಿ, ಹೆಂಡತಿ, ಷಡ್ಡಕ ಎಲ್ಲರೆದುರೂ ಅವನು ಜೀವಮಾನವಿಡೀ ದೊಡ್ಡ ಮನುಷ್ಯ. ಆಯ್ತುಬಿಡಿ ಅಕ್ಕನ ಕಡೆ ನೋಡಿದ. ಅವಳು ಬಿಸಾಕಿದ ಕೈಚೀಲವನ್ನು ಮತ್ತೆ ಎತ್ತಿಕೊಳ್ಳುತ್ತಿದ್ದಳು.

"ಹೊಸ ಕಂಪ್ಯೂಟರ್ ಇಲ್ಲ ಯಜಮಾನ್ರೇ," ಎಂದ. ಹುಟ್ಟಿದಂದಿನಿಂದ ಅವನು ಇಲ್ಲ ಎಂದದ್ದು ಇದೇ ಮೊದಲು. "ಅದೇ ಹಳೇದು. ನಾನು ಹಾಕಿದ್ದು ಮುಖದ ಮೇಲಿನ ಕವರು ಒಂದೇ. ಅದನ್ನೂ ಮೊಬೈಲ್ ಅಂಗಡಿಯಲ್ಲಿ ನೋಡ್ಕೊಂಡು ಬಂದು ಹಾಕ್ದೆ. ವೇಗ ಹೆಚ್ಚಾಗಿದ್ದು ಗುಳ್ಳೆ ಒತ್ತೋಕೆ ಹೋಗಿ. ನನಗೆ ಕಂಪ್ಯೂಟರ್ ಬರಲ್ಲ. ನಿಲ್ಲಿಸೋಕೆ ಬಂದಿದ್ದು ನಮ್ಮಕ್ಕನಿಗೆ ಮಾತ್ರ. ಇವಳನ್ನ ತೆಗೆದ್ರೆ ನಾಳೆ ಈ ಸಾಬೂನು ನಿಮ್ಮ ಮನೆ ತನಕ ಬರುತ್ತೆ."

ಸಾಹೇಬರು ಹತ್ತಿರದ ಸಾಬೂನಿನ ರಾಶಿಯ ಮೇಲೆ ಕುಸಿದು ಕೂತರು.

ಯಜಮಾನರು ಪರದೆ ನೋಡಿದರು, ಕಿತ್ತುಹಾಕಿದ ಹಳೆ ಕವರನ್ನು ಎತ್ತಿ ನೋಡಿದರು, ಅದರ ಮೇಲಿನ ಕೆಂಪು ಚೀಟಿ ಓದಿದರು. "ಇದನ್ನ ಅಂಟಿಸಿದ್ದು ಯಾರು?" ಎಂದು ಕೇಳಿದರು. ಸಾಹೇಬರ ಮುಖವೇ ಹೇಳಿತು. ಯಜಮಾನರು ಮೊದಲು ಮೀಸೆಯೊಳಗೆ ನಕ್ಕರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇಷ್ಟು ವರ್ಷ ಎತ್ತನ್ನ ಕಟ್ಟಿಹಾಕಿ ಹೊಲ ಉಳ್ತಾ ಇಲ್ಲ ಅಂತ ಬೈತಿದ್ವಲ್ಲಯ್ಯಾ! ಏನಮ್ಮಾ, ಈ ವೇಗದಲ್ಲಿ ನೀನು ನಡೆಸ್ತೀಯಾ?"

"ನಡೆಸ್ತೀನಿ," ಎಂದಳು ದೊಡ್ಡಕ್ಕ, ಅವಳ ಧ್ವನಿ ಹಳೆಯ ಎತ್ತರಕ್ಕೆ ಏರಿತ್ತು. "ಆದ್ರೆ ಇಷ್ಟು ಮಾಲು ತುಂಬೋಕೆ ಈ ಕೈಗಳು ಸಾಲಲ್ಲ. ಇನ್ನೂ ನಾಲ್ಕು ಹೆಂಗಸರು ಬೇಕು. ಇವರ ತಂಗೀರು, ನಾದಿನೀರು ಕೆಲಸ ಇಲ್ದೆ ಮನೇಲಿದ್ದಾರೆ."

"ಕರೆಸು," ಎಂದರು ಯಜಮಾನರು. ಹೆಂಗಸರು ಹೋ ಎಂದು ಕೂಗಿದರು. ಸ್ಟೋರ್ ರೂಮಿನೊಳಗಿನಿಂದ ಡಂಗುರನ ಧ್ವನಿಯೂ ಅದಕ್ಕೆ ಸೇರಿತು.

ಆಮೇಲೆ ದೊಡ್ಡಕ್ಕ ಸ್ಟೂಲಿನ ಮೇಲೆ ಕೂತು, ತಾನು ಇಷ್ಟು ವರ್ಷ ಒತ್ತಿದ್ದು ಏನೇನು ಎಂದು ಒಂದೊಂದೇ ಓದಿಕೊಂಡಳು. ದಿನಾ ಬೆಳಿಗ್ಗೆ ಒತ್ತುತ್ತಿದ್ದ ತೂತಿನ ಜಾಗದಲ್ಲಿ "ಬೆಳಕು ಕಡಿಮೆ" ಎಂದಿತ್ತು. "ಅದಕ್ಕೇನೋ ವರ್ಷಾ ವರ್ಷಾ ಕತ್ತಲಾಗ್ತಾ ಬಂದಿದ್ದು! ನನ್ನ ಕಣ್ಣೇ ಹೋಯ್ತು ಅಂದ್ಕೊಂಡಿದ್ದೆನಲ್ಲೋ!" ಎಂದು ತಮ್ಮನ ತಲೆಗೆ ಒಂದು ಮೊಟಕು ಕೊಟ್ಟಳು. ಆ ಮೊಟಕು ಎಷ್ಟು ಹಿತವಾಗಿತ್ತೆಂದರೆ ಆಯ್ತುಬಿಡಿಯ ಕಣ್ಣು ಒದ್ದೆಯಾಯಿತು. ಅವಳು ಪಕ್ಕದ "ಬೆಳಕು ಹೆಚ್ಚು" ಒತ್ತಿ ಒತ್ತಿ ಪರದೆಯನ್ನು ದೀಪದಂತೆ ಬೆಳಗಿಸಿದಳು.

ಬೀದಿಯಲ್ಲಿ ಅವನ ಮರ್ಯಾದೆ ಹೋಗಲಿಲ್ಲ. ಜನಕ್ಕೆ ನಿಜ ಹೇಳಿದರೂ ನಂಬಲಿಲ್ಲ. "ಬರೀ ಕವರು ಬದಲಿಸಿ ಇಷ್ಟು ವೇಗ ಮಾಡಿದ್ರಂತೆ, ಇನ್ನು ಕಂಪ್ಯೂಟರೇ ಬದಲಿಸಿದ್ರೆ!" ಎಂದು ದರ್ಜಿ ಮೂಗಿನ ಮೇಲೆ ಬೆರಳಿಟ್ಟ. ಹೆಂಡತಿ ಗಂಡನ ಮಾತನ್ನು ಪೂರ್ತಿ ಕೇಳಿ, "ಯಜಮಾನ್ರ ಮುಂದೆ ಹಾಗಂದ್ರಾ?" ಎಂದು ಮತ್ತೆ ಮತ್ತೆ ಕೇಳಿದಳು. ಅವಳ ಮುಖದ ಬೆಳಕು ಆರಲಿಲ್ಲ, ಹೆಚ್ಚಾಯಿತು.

ಮಾರನೆ ಬೆಳಿಗ್ಗೆ ಹೊಸ ನಾಲ್ವರು ಹೆಂಗಸರೂ ಬಂದು ಸಾಲಾಗಿ ನಿಂತಿದ್ದರು. ದೊಡ್ಡಕ್ಕ ಸ್ಟೂಲೇರಿ, ಸೆರಗು ಸಿಕ್ಕಿಸಿ, ಹೊಳೆಯುವ ಪರದೆಯನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನೋಡಿದಳು. ಆಯ್ತುಬಿಡಿ ಪಕ್ಕದಲ್ಲೇ ಮೆತ್ತನೆ ಬಟ್ಟೆ ಹಿಡಿದು, ಯಾರ ಬೆರಳಿನ ಗುರುತೂ ಬೀಳದಂತೆ ಕಾವಲು ನಿಂತಿದ್ದ. ದೊಡ್ಡಕ್ಕ ಜಡೆಯಿಂದ ಪಿನ್ನು ಎಳೆದು, "ಶುರು" ಎಂಬ ಅಕ್ಷರದ ಪಕ್ಕದಲ್ಲಿ ಚರ್ರೆಂದು ಒಂದು ಗೀರು ಹಾಕಿದಳು.

"ಅಯ್ಯೋ ಅಕ್ಕಾ! ಹೊಸಾ ಕವರು!"

"ಇರ್ಲಿ ಬಿಡೋ," ಎಂದಳು ದೊಡ್ಡಕ್ಕ. "ನನ್ನ ಮಿಷನ್ ಅಂತ ನಂಗೆ ಗೊತ್ತಾಗಬೇಡ್ವಾ?"

ಗೀರಿನ ತುದಿಯ ಮೇಲೆ ಬೆರಳಿಟ್ಟು ಒತ್ತಿದಳು. ಪೂರ್ಣ ವೇಗದಲ್ಲಿ ಸಾಬೂನು ಹೊರಟಿತು.